ಕಟ್ಟದೆ ಉಳಿದ ಕಚೇರಿ

ಚನ್ನರಾಯನದುರ್ಗದ ಕೋಟೆಗೋಡೆ ನೋಡಿದರೆ ಕಲ್ಲೇ ಅಧಿಕಾರ ಎನಿಸುತ್ತದೆ. 1831ರಲ್ಲಿ ಮೈಸೂರಿನ ಆಡಳಿತ ವಹಿಸಿಕೊಂಡ ಬ್ರಿಟಿಷರು ಮಾತ್ರ ಮೂರು ದಶಕ ಹೊಸ ಕೇಂದ್ರ ಕಚೇರಿಯನ್ನೇ ಕಟ್ಟಲಿಲ್ಲ. ಬೆಂಗಳೂರು ಕೋಟೆಯಲ್ಲಿದ್ದ ಟಿಪ್ಪುವಿನ ಅರಮನೆಯಲ್ಲೇ ಕೂತು ಕಡತ ಬರೆದರು.

‘ಇಲ್ಲದ ಕಟ್ಟಡದ ಮೇಲೆ ಅಧ್ಯಾಯ ಬರೀತೀಯೇನಯ್ಯ?’ ಎಂದು ನನ್ನ ಗೈಡ್ ನಗುತ್ತಾರೆ. ಬರೆಯಬಹುದು. ಸೋತವನ ಮನೆಯಲ್ಲಿ ಕೂರುವುದು ಮಿತವ್ಯಯವೂ ಹೌದು, ಗೆಲುವಿನ ಪ್ರದರ್ಶನವೂ ಹೌದು. ಕಮಿಷನರ್ ಕಬ್ಬನ್ ಕಟ್ಟಿಸಿದ್ದು ರಸ್ತೆ: ಸುಮಾರು 1,600 ಮೈಲಿ, 300ಕ್ಕೂ ಹೆಚ್ಚು ಸೇತುವೆ. ಲೆಕ್ಕ ಕಂಪನಿ ರೂಪಾಯಿಗೆ ತಿರುಗಿತು. ಗೋಡೆಗಿಂತ ಮೊದಲು ರಸ್ತೆ, ಅಂಚೆ, ಕಂದಾಯದ ಲೆಕ್ಕಗಳಾಗಿ ಸರ್ಕಾರ ಹಳ್ಳಿಗೆ ಬಂತು.

ಇಂದು ಹೈಕೋರ್ಟ್ ಇರುವ ಅಠಾರ ಕಚೇರಿಯ ಕೆಲಸ ಶುರುವಾದದ್ದು 1864ರಲ್ಲಿ, ಮುಗಿದದ್ದು 1868ರಲ್ಲಿ. ಅಷ್ಟರಲ್ಲಿ ಕಬ್ಬನ್ ತೀರಿಕೊಂಡು ಏಳು ವರ್ಷವಾಗಿತ್ತು.