ಹೊಗೆಗೂಡಿನ ಇಟ್ಟಿಗೆ

ಇಂಗ್ಲೆಂಡಿನಲ್ಲಿ ಹಳೆಯ ಮನೆ ಕೊಂಡಿರುವ ಶಿಷ್ಯನೊಬ್ಬ ಪತ್ರ ಬರೆದಿದ್ದಾನೆ: ಸಂದುಗಳಲ್ಲಿ ಸಿಮೆಂಟು ಗಟ್ಟಿಯಾಗಿಯೇ ಇದೆ, ಆದರೂ ಹೊಗೆಗೂಡಿನ ಇಟ್ಟಿಗೆಗಳು ಪದರು ಪದರಾಗಿ ಉದುರುತ್ತಿವೆ, ಇನ್ನಷ್ಟು ಸಿಮೆಂಟು ಮೆತ್ತಿಸಲೇ? (ಚಿಮಣಿಯೆಂದರೆ ನಮಗೆ ಸೀಮೆಎಣ್ಣೆಯ ಬುಡ್ಡಿ, ಹಳೆಯ ಪದವೇ ಇರಲಿ.) ಬೇಡವೆಂದೇ ನನ್ನ ಉತ್ತರ. ಕಾರಣ ಇತಿಹಾಸದಲ್ಲಿದೆ.

ಊರಿನ ಮುದುಕರು ತಮ್ಮ ಕಾಲದಲ್ಲಿ ಕಂಡ ಬದಲಾವಣೆಗಳಲ್ಲಿ ಹೊಗೆಗೂಡುಗಳ ಹೆಚ್ಚಳವೂ ಒಂದೆಂದು 16ನೆಯ ಶತಮಾನದ ವಿಲಿಯಂ ಹ್ಯಾರಿಸನ್ ದಾಖಲಿಸಿದ್ದಾನೆ. ಆಗ ಇಟ್ಟಿಗೆ ಕಟ್ಟಡಕ್ಕೆ ಬಳಸುತ್ತಿದ್ದುದು ಸುಣ್ಣದ ಗಾರೆ. ಮಾಡಿನ ಮೇಲೆ ನಾಲ್ಕೂ ದಿಕ್ಕಿನ ಮಳೆಗಾಳಿಗೆ ಒಡ್ಡಿಕೊಂಡ ಇಟ್ಟಿಗೆ ಹೀರಿದ ನೀರು ಆ ಮೆತ್ತನೆಯ ಸಂದುಗಳ ಮೂಲಕ ಆರಿಹೋಗುತ್ತಿತ್ತು. ಸವೆಯುತ್ತಿದ್ದುದು ಗಾರೆ, ಇಟ್ಟಿಗೆಯಲ್ಲ.

1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲೆಂಡ್ ಸಿಮೆಂಟಿಗೆ ಪೇಟೆಂಟ್ ಪಡೆದನು. 20ನೆಯ ಶತಮಾನದಲ್ಲಿ ದುರಸ್ತಿಗೆ ಬಂದವರು, ಗಟ್ಟಿಯಾದುದೇ ಒಳ್ಳೆಯದೆಂಬ ನಂಬಿಕೆಯಿಂದ, ಹಳೆಯ ಸಂದುಗಳಿಗೂ ಅದನ್ನೇ ತುಂಬಿದರು. ನೀರು ಇಟ್ಟಿಗೆಯಲ್ಲೇ ಉಳಿಯಿತು. ಹೆಪ್ಪುಗಟ್ಟುವಾಗ ನೀರು ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಇಟ್ಟಿಗೆಯ ಮುಖ ಸಿಡಿಯುತ್ತದೆ.

ಸಿಮೆಂಟನ್ನು ಉಳಿಯಿಂದ ನಿಧಾನವಾಗಿ ಬಿಡಿಸಿಸು, ಕೆಟ್ಟ ಇಟ್ಟಿಗೆಗಳನ್ನಷ್ಟೇ ಬದಲಿಸಿ ಸುಣ್ಣದ ಗಾರೆ ತುಂಬಿಸು. ಚಳಿಗಾಲ ಕಳೆಯಲಿ, ಹಸಿಗಾರೆಗೆ ಹಿಮ ಆಗದು.