ರಾಳದ ಮೂರ್ತಿಗಳಿಗೆ ಹಳೆಗಾಲದ ಬಣ್ಣಗಾರಿಕೆ

ಪಾಲಿಯೆಸ್ಟರ್, ಎಪಾಕ್ಸಿ ಮೊದಲಾದ ಕೃತಕ ರಾಳಗಳಲ್ಲಿ ಎರಕ ಹೊಯ್ದ ಅಲಂಕಾರಿಕ ಮೂರ್ತಿಗಳನ್ನು ಹಳೆಯ ಕಂಚು, ಕಲ್ಲು ಇಲ್ಲವೆ ಮರದಂತೆ ಕಾಣಿಸುವ ಕುಶಲಕಲೆ.

ಕಂಚಿನ ಮುಖ್ಯ ಲೋಹವಾದ ತಾಮ್ರ ಹಸುರಾಗುವುದು ಗಾಳಿ, ತೇವಗಳ ಜೊತೆಗಿನ ರಾಸಾಯನಿಕ ಕ್ರಿಯೆಯಿಂದ. 1886ರಲ್ಲಿ ನ್ಯೂಯಾರ್ಕಿನಲ್ಲಿ ಅನಾವರಣಗೊಂಡ ಸ್ವಾತಂತ್ರ್ಯದೇವಿಯ ಪ್ರತಿಮೆ ಮೊದಲಿಗೆ ತಾಮ್ರದ ಬಣ್ಣದ್ದೇ; ಈಗಿನ ಹಸುರು ದಶಕಗಳ ಹವೆಯ ಕೊಡುಗೆ. ರಾಳಕ್ಕೆ ಈ ಗುಣವಿಲ್ಲ, ಬಿಸಿಲಿಗೆ ಹಳದಿಗಟ್ಟುತ್ತದೆಯಷ್ಟೆ. ಹಾಗಾಗಿ ಕಾಲದ ಕೆಲಸವನ್ನು ಕುಂಚವೇ ಮಾಡಬೇಕು.

ಕಂಚಿನ ನೋಟ ಬರಿಸಲು, ಮೊದಲು ಮೂರ್ತಿಯನ್ನು ಸೋಪುನೀರಿನಲ್ಲಿ ತೊಳೆದು ಅಚ್ಚಿನ ಜಿಡ್ಡು ತೆಗೆಯಬೇಕು. ಇಲ್ಲವಾದರೆ ಬಣ್ಣ ಸಿಪ್ಪೆಯೇಳುತ್ತದೆ. ಪ್ರೈಮರಿನ ಮೇಲೆ ಗಾಢ ಕಂದು ಅಕ್ರಿಲಿಕ್. ಬಳಿಕ ತೆಳುವಾದ ಹಸುರು-ನೀಲಿಯನ್ನು ಹರಿಯಬಿಟ್ಟು ಉಬ್ಬುಭಾಗಗಳನ್ನು ಬಟ್ಟೆಯಿಂದ ಒರೆಸಿದರೆ, ಅದು ಉಡುಗೆಯ ನಿರಿಗೆ, ಕಿವಿಯ ಸಂದುಗಳಲ್ಲಿ ಮಾತ್ರ ಉಳಿಯುತ್ತದೆ. ಒಣಗಿದ ಮೇಲೆ, ಬಣ್ಣ ಬಹುಪಾಲು ಒರೆಸಿಹೋದ ಕುಂಚದಿಂದ ಮೂಗು, ಮೊಣಕಾಲುಗಳಿಗೆ ಕಂಚಿನ ಹೊಳಪು ತಾಗಿಸುತ್ತಾರೆ. ನಿಜವಾದ ಲೋಹಮೂರ್ತಿಯಲ್ಲೂ ನೀರು ನಿಲ್ಲುವಲ್ಲಿ ಕಿಲುಬು, ಕೈ ತಾಗುವಲ್ಲಿ ಹೊಳಪು. ಈ ತರ್ಕ ಮರೆತು ಎಲ್ಲೆಡೆ ಹಸುರು ಬಳಿದ ಮೂರ್ತಿ ಯಾರನ್ನೂ ನಂಬಿಸದು. ಕೊನೆಗೆ ಮ್ಯಾಟ್ ವಾರ್ನಿಷ್.

ರಾಳಕ್ಕೇ ಕಂಚಿನ ಪುಡಿ ಬೆರೆಸಿ ಹೊಯ್ಯುವ ‘ಕೋಲ್ಡ್ ಕಾಸ್ಟ್’ ವಿಧಾನ ಬೇರೆ. ಅಲ್ಲಿ ಮೇಲ್ಮೈಯನ್ನು ಉಕ್ಕಿನ ನಾರಿನಿಂದ ಉಜ್ಜಿದಾಗ ಲೋಹದ ಕಣಗಳು ಹೊರಗೆ ಕಾಣುತ್ತವೆ. ಅವುಗಳ ಮೇಲೆ ರಾಸಾಯನಿಕಗಳಿಂದ ನಿಜವಾದ ಕಿಲುಬನ್ನೇ ಬರಿಸಬಹುದು.