ನಾಲ್ಕು ಆಡಳಿತ, ಒಂದು ‘ಗ್ರಾಮಾಯಣ’

ನಮ್ಮ ಮುತ್ಯಾನ ಟ್ರಂಕಿನಲ್ಲಿ ಅವರಪ್ಪನ ಕಾಲದ ಹೊಲದ ಕಾಗದಗಳಿದ್ದವು. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಬಿಚ್ಚಿ ನೋಡಿದೆ. ಒಂದಕ್ಷರವೂ ತಿಳಿಯಲಿಲ್ಲ. ಅದು ಮೋಡಿ ಲಿಪಿಯ ಮರಾಠಿ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತನಾಡದವರ ಹೊಲ ಕಾಗದದಲ್ಲಿ ಮಾತ್ರ ಮರಾಠಿ!

ಇದು ಆಗಿನ ರಾಜಕೀಯದ ಫಲ. ಇಂದು ಒಂದೇ ದಿನದಲ್ಲಿ ಸುತ್ತಿ ಬರಬಹುದಾದ ನಮ್ಮ ಊರುಗಳು 1948ರವರೆಗೆ ನಾಲ್ಕು ಆಡಳಿತಗಳಲ್ಲಿ ಹಂಚಿಹೋಗಿದ್ದವು. ಜಮಖಂಡಿ, ಬನಹಟ್ಟಿ ಪಟವರ್ಧನರ ಜಮಖಂಡಿ ಸಂಸ್ಥಾನದಲ್ಲಿ; ಬನಹಟ್ಟಿಗೆ ಅಂಟಿಕೊಂಡೇ ಇರುವ ರಬಕವಿ ಸಾಂಗಲಿ ಸಂಸ್ಥಾನದಲ್ಲಿ; ಮುಧೋಳ ಘೋರ್ಪಡೆಯವರ ಕೈಯಲ್ಲಿ; ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿ. ಮುಂದೆ ಎಲ್ಲವೂ ಮುಂಬಯಿ ಪ್ರಾಂತದಲ್ಲಿದ್ದು, 1956ರ ನವೆಂಬರ್ 1ರಂದು ಕನ್ನಡ ರಾಜ್ಯಕ್ಕೆ ಬಂದವು.

ಇಂಥ ನೆಲದ ಕಾದಂಬರಿಕಾರ ಏನು ಬರೆಯಬೇಕು? ಸ್ಕಾಟ್ಲೆಂಡ್ 1707ರಲ್ಲಿ ಇಂಗ್ಲೆಂಡಿನೊಡನೆ ಕೂಡಿ ತನ್ನ ಪಾರ್ಲಿಮೆಂಟನ್ನು ಕಳೆದುಕೊಂಡಿತ್ತು. ಅಲ್ಲಿಯ ವಾಲ್ಟರ್ ಸ್ಕಾಟ್ 1814ರ ‘ವೇವರ್ಲಿ’ಯಲ್ಲಿ ಹಳೆಯ ದಂಗೆಯೊಂದರ ಕಥೆ ಎತ್ತಿಕೊಂಡ. ಹಾವೇರಿ ಕಡೆಯ ಗಳಗನಾಥರು ‘ಮಾಧವ ಕರುಣಾ ವಿಲಾಸ’ಕ್ಕೆ ವಿಜಯನಗರವನ್ನು ಆರಿಸಿಕೊಂಡರು. ಕೈಯಲ್ಲಿ ರಾಜ್ಯವಿಲ್ಲದಾಗ ಹಿಂದಿನ ವೈಭವ ನೆನಪಾಗುವುದು ಸಹಜವೇ.

ಜಮಖಂಡಿ ತಾಲೂಕಿನ ಹಿರೇಪಡಸಲಗಿಯ ರಾಮಚಂದ್ರ ಭೀಮರಾವ ಕುಲಕರ್ಣಿ, ಅಂದರೆ ‘ರಾವಬಹಾದ್ದೂರ’ರು ಆ ದಾರಿ ಹಿಡಿಯಲಿಲ್ಲ. (ಶಾಲೆಯಲ್ಲಿ ನಾವು ಮುಧೋಳದ ರನ್ನನ ಹೆಸರು ಹೇಳಿ ಬೀಗುತ್ತಿದ್ದೆವು, ಇವರ ಹೆಸರೇ ಗೊತ್ತಿರಲಿಲ್ಲ.) ಏಕೀಕರಣದ ಮರುವರ್ಷ, 1957ರಲ್ಲಿ ಬಂದ ಅವರ ‘ಗ್ರಾಮಾಯಣ’ದಲ್ಲಿ ಗತವೈಭವವಿಲ್ಲ, ವಿಜಯೋತ್ಸವವಿಲ್ಲ. ಪಾದಳ್ಳಿ ಎಂಬ ಹಳ್ಳಿಯೇ ಅದರ ನಾಯಕ. ಗುಂಪುಗಾರಿಕೆ, ಹಗೆತನಗಳಲ್ಲಿ ಅದು ಕಣ್ಣೆದುರೇ ಹಾಳಾಗುತ್ತ ಹೋಗುತ್ತದೆ. ನಾಡು ಒಂದಾದ ಸಂಭ್ರಮದ ಹೊತ್ತಿನಲ್ಲಿ ಊರು ಒಡೆಯುವ ಕಥೆ ಹೇಳಲು ಎದೆ ಬೇಕು. ನನ್ನ ಮಟ್ಟಿಗೆ ಅದೂ ನಾಡಪ್ರೇಮವೇ.

ಬಿ.ಇ. ಮುಗಿಸಿ ಬೆಂಗಳೂರಿಗೆ ಹೋದಾಗ ‘ನಿಮ್ಮದು ಮರಾಠಿ ಕನ್ನಡ’ ಎಂದು ಗೆಳೆಯರು ನಗುತ್ತಿದ್ದರು. ನಾನು ಮಾತು ಬದಲಿಸಿಕೊಂಡೆ. ಈಗ ನಾಚಿಕೆಯಾಗುತ್ತದೆ. ‘ಗ್ರಾಮಾಯಣ’ ಓದಿದ್ದು ಮೂವತ್ತು ದಾಟಿದ ಮೇಲೆ. ಅದರೊಳಗೆ ನಮ್ಮ ಮನೆಯ ಮಾತೇ ಅಚ್ಚಾಗಿತ್ತು. ಒಂದು ರಾತ್ರಿ ಅವ್ವನಿಗೆ ಫೋನಿನಲ್ಲಿ ಎರಡು ಪುಟ ಓದಿದೆ.

“ಇದನ್ನ ಬರದಾವ್ರು ನಮ್ಮ ಕಡೇವ್ರೇನು?”

“ಹೌದವ್ವ, ಪಡಸಲಗಿಯವರು.”

“ಹಂಗಾದ್ರ ಊರಿಗೆ ಬರೂವಾಗ ತಗೊಂಡ ಬಾ.”

ಈ ಸಲ ಎರಡು ಪ್ರತಿ ತಂದಿದ್ದೇನೆ. ಒಂದು ಅವ್ವನಿಗೆ, ಇನ್ನೊಂದು ನಮ್ಮ ಶಾಲೆಯ ಗ್ರಂಥಾಲಯದ ಕಪಾಟಿಗೆ.